ಪೇರ್‌ಲ್ಯಾಂಡಿಗೆ ಹೋದ ಪಿಂಡೋ

ಡಲ್ಲಾಸ್ ಪಕ್ಕದ ಇರ್ವಿಂಗಿನ ಕನ್ನಡದ ಮನೆಗಳಲ್ಲಿ ಕೋಕಿಲಾ ಎಂದರೆ ‘ಯಾವ ಕೋಕಿಲಾ?’ ಎಂದು ಕೇಳುವವರಿದ್ದಾರೆ. ಪಾಮ್ ಆಂಟಿ ಎಂದರೆ ಯಾರೂ ಕೇಳುವುದಿಲ್ಲ.

ಆಕೆ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಫಾರ್ಮಸಿ ಓದಿ, ಮದುವೆಯಾಗಿ ಗಂಡ ಇರಣ್ಣನ ಜೊತೆ ಟೆಕ್ಸಸ್‌ಗೆ ಬಂದು, ಇಲ್ಲಿಯ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಬರೆದು, ಒಂದು ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತು ವರ್ಷಕ್ಕೂ ಮೇಲೆ ನಿಂತವಳು. ಇರಣ್ಣನದು ಇರ್ವಿಂಗಿನದೇ ಲಾಸ್ ಕೊಲಿನಾಸ್ ಬಡಾವಣೆಯಲ್ಲಿ ಡೇಟಾಬೇಸಿನ ಕೆಲಸ. ಇಬ್ಬರ ಮನೆಯಲ್ಲೂ ಹಿಂದೆ ಮುಂದೆ ಯಾರೂ ತೋಟ ಮಾಡಿದವರಲ್ಲ. ಇರಣ್ಣನ ತಂದೆಗೆ ಬಟ್ಟೆ ಅಂಗಡಿ, ಕೋಕಿಲಾಳ ತಂದೆ ರೈಲ್ವೆಯಲ್ಲಿ. ತುಳಸಿ ಬಿಟ್ಟರೆ ಬೇರೆ ಗಿಡಕ್ಕೆ ನೀರು ಹಾಕಿ ಆಕೆಗೆ ಗೊತ್ತಿರಲಿಲ್ಲ.

ಇರ್ವಿಂಗಿನಲ್ಲಿ ಸ್ವಂತ ಮನೆ ಕೊಂಡ ವರ್ಷ, ದೊಡ್ಡ ಅಂಗಡಿಯೊಂದರ ಮುಂದೆ ಸಾಲಾಗಿ ನಿಲ್ಲಿಸಿದ್ದ ಕ್ವೀನ್ ಪಾಮ್ ಎಂಬ ತಾಳೆ ಜಾತಿಯ ಗಿಡಗಳನ್ನು ನೋಡಿ ಕೋಕಿಲಾ ಮರುಳಾದಳು. ತೆಂಗಿನ ಗರಿಯಂತೆ ಇಳಿಬಿದ್ದ ಗರಿಗಳು, ನುಣುಪಾದ ಬೊಡ್ಡೆ. ಕಾರಿನ ಹಿಂದಿನ ಬಾಗಿಲು ಮುಚ್ಚದಿದ್ದರೂ ಹಗ್ಗ ಕಟ್ಟಿಕೊಂಡು ತಂದು ಬಾಗಿಲ ಮುಂದೆ ನೆಟ್ಟಳು. ಜನವರಿಯ ಒಂದು ಚಳಿಗೆ ಅದು ಹುರಿದ ಹಪ್ಪಳದ ಬಣ್ಣಕ್ಕೆ ತಿರುಗಿತು. ಏಪ್ರಿಲ್ ಹೊತ್ತಿಗೆ ಇರಣ್ಣ ಅದನ್ನು ಒಂದೇ ಕೈಯಲ್ಲಿ ಕಿತ್ತು ಕಸಕ್ಕೆ ಹಾಕಿದ.

“ಇದು ಡಲ್ಲಾಸ್ ಐತಿ ಕೋಕಿಲಾ, ಗೋವಾ ಅಲ್ಲ,” ಎಂದು ನಕ್ಕ.

ಆ ನಗು ಆಕೆಗೆ ನಾಟಿತು. ಮುಂದಿನ ಚಳಿಗಾಲ ಹಲ್ಲು ತೋರಿಸಲು ಹೋದಾಗ, ದಂತವೈದ್ಯರ ಪಾರ್ಕಿಂಗಿನ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಗಿಡ ಕಂಡಿತು. ಬೀಸಣಿಗೆಯಂಥ ಎಲೆ. ಹಿಂದಿನ ರಾತ್ರಿಯ ಹಿಮಮಳೆಗೆ ಪ್ರತಿಯೊಂದು ಗರಿಯ ಮೇಲೂ ಗಾಜಿನಂತೆ ಮಂಜುಗಡ್ಡೆ ಕೂತಿತ್ತು. ಒಳಗೆ ಗರಿ ಹಚ್ಚಗೆ ಹಸಿರಾಗಿತ್ತು. ಕೋಕಿಲಾ ಬೆರಳಲ್ಲಿ ಗಡ್ಡೆ ಒಡೆದು ನೋಡಿದಳು. ಗರಿ ಪಟಕ್ಕನೆ ಮೇಲೆದ್ದು ನಿಂತಿತು. ಒಳಗೆ ಹೋಗಿ, ನೋಯುತ್ತಿದ್ದ ಹಲ್ಲನ್ನು ಮರೆತು, ಮೊದಲು ಕೇಳಿದ್ದು ಆ ಗಿಡದ ಹೆಸರು. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. “ಅದು ಮೊದಲಿಂದಲೂ ಅಲ್ಲೇ ಇದೆ,” ಎಂದರಷ್ಟೇ. ಅದಕ್ಕೆ ಗಿಡ್ಡ ಸಬಾಲ್ ಎನ್ನುತ್ತಾರೆ, ಅದು ಈ ಸೀಮೆಯ ಹಳ್ಳಕೊಳ್ಳಗಳ ಬದಿಯಲ್ಲಿ ತಾನಾಗಿಯೇ ಹುಟ್ಟುವಂಥದ್ದು ಎಂದು ಆಕೆ ಆಮೇಲೆ ಓದಿ ತಿಳಿದಳು. ಬುಡದಲ್ಲಿ ಉದುರಿದ್ದ ಮೆಣಸಿನಕಾಳಿಗಿಂತ ದಪ್ಪನೆಯ ಕಪ್ಪು ಬೀಜಗಳನ್ನು, ಅಲ್ಲಿಯವರನ್ನು ಕೇಳಿಕೊಂಡೇ, ಪರ್ಸಿಗೆ ತುಂಬಿಕೊಂಡು ಬಂದಳು.

ಪಾಮ್ ಜಾತಿಯ ಸಸಿ ಮೊದಲು ಒಂದೇ ಒಂದು ಹುಲ್ಲಿನ ಎಸಳಿನಂತೆ ಬರುತ್ತದೆ. ವರ್ಷವಾದರೂ ಹುಲ್ಲೇ. ಹಿತ್ತಲಿನಲ್ಲಿ ಹಾಗೆ ಎದ್ದು ನಿಂತಿದ್ದ ಎರಡು ವರ್ಷದ ಸಸಿಗಳ ಸಾಲನ್ನು ಇರಣ್ಣ ಒಂದು ಶನಿವಾರ ಹುಲ್ಲು ಕತ್ತರಿಸುವ ಯಂತ್ರದಿಂದ ನುಣ್ಣಗೆ ಬೋಳಿಸಿಬಿಟ್ಟ. ಕೋಕಿಲಾ ಊಟ ಬಿಟ್ಟಳು, ಮಾತು ಬಿಟ್ಟಳು. ಇರಣ್ಣ ಹೆದರಿ ಹೊಸ ಗಿಡ ತರಲು ಹೊರಟ. ಅಷ್ಟರಲ್ಲಿ, ಒಂದು ವಾರ ಕಳೆದಿತ್ತೋ ಏನೋ, ಕತ್ತರಿಸಿದ ಎಸಳುಗಳು ಬೋಳು ತುದಿ ಹೊತ್ತುಕೊಂಡೇ ಮಣ್ಣಿನೊಳಗಿಂದ ಮತ್ತೆ ಮೇಲೆ ಬಂದವು. ಈ ಗಿಡದ ಜೀವ ಇರುವುದು ನೆಲದ ಕೆಳಗೆ, ಸುಳಿಯ ಬುಡದಲ್ಲಿ. ಅಂದು ಕೋಕಿಲಾ ಗಂಡನನ್ನು ಕ್ಷಮಿಸಿದ್ದಷ್ಟೇ ಅಲ್ಲ, ಪಾಮ್‌ಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದಳು.

ಕೆಲವೇ ವರ್ಷಗಳಲ್ಲಿ ಮನೆಯ ಮುಂದೆ ಒಂದು ವಿಂಡ್‌ಮಿಲ್ ಪಾಮ್ ನಿಂತಿತು, ಬೊಡ್ಡೆಗೆ ಕಂಬಳಿ ಸುತ್ತಿದಂಥ ಕಂದು ನಾರು. ಹಿತ್ತಲಲ್ಲಿ ಸಬಾಲ್‌ಗಳು, ಬೇಲಿಯ ಬದಿಗೆ ಮುಳ್ಳಿನ ಸೂಜಿ ಪಾಮ್. ಯಾರ ಮನೆಯ ಗೃಹಪ್ರವೇಶವಾದರೂ, ಬೆಳ್ಳಿ ಕುಂಕುಮ ಭರಣಿ ಕೊಡುವವರ ನಡುವೆ ಕೋಕಿಲಾ ಒಂದು ಕಪ್ಪು ಪ್ಲಾಸ್ಟಿಕ್ ಕುಂಡ ಹಿಡಿದು ನಿಲ್ಲುತ್ತಿದ್ದಳು. ಪ್ಲೇನೋದಲ್ಲಿ, ಆಸ್ಟಿನ್‌ನಲ್ಲಿ, ಹ್ಯೂಸ್ಟನ್‌ನಲ್ಲಿ, ಎಲ್ಲಿಗೆ ಹೋದರೂ ಕುಂಡ. ಜೊತೆಗೆ ಔಷಧಿ ಕೊಡುವಾಗಿನ ಅದೇ ದನಿಯಲ್ಲಿ ಉಪದೇಶ: “ನೀರು ಬುಡಕ್ಕ ಹಾಕ್ರಿ, ತಲಿ ಮ್ಯಾಲ ಬ್ಯಾಡ. ಹಸಿರ ಗರಿ ಕತ್ತರಸಬ್ಯಾಡ್ರಿ. ಸುಳಿ ಅಂತೂ ಮುಟ್ಟಲೇಬ್ಯಾಡ್ರಿ.”

ಇರಣ್ಣ ಎಲ್ಲರೆದುರು ಹೆಂಡತಿಯನ್ನು ಗೇಲಿ ಮಾಡುತ್ತಿದ್ದ. “ನಮ್ಮ ಮನ್ಯಾಗ ನಾನೂ ಒಂದು ಕುಂಡ್ಯಾಗ ಇದ್ದೀನ್ರಿ, ನೀರು ಹಾಕೂದು ನೆನಪಾದ್ರ ಹಾಕತಾಳ,” ಎನ್ನುತ್ತಿದ್ದ. ಆದರೆ ಒಂದು ಗಿಡದ ವಿಷಯಕ್ಕೆ ಮಾತ್ರ ಅವನು ಗೇಲಿ ಮಾಡುತ್ತಿರಲಿಲ್ಲ. ಅದು ಪಿಂಡೋ.

ಮಗಳು ಅನಘಾ ಆಸ್ಟಿನ್‌ನಲ್ಲಿ ಓದುತ್ತಿದ್ದಾಗ, ಅವಳ ರೂಮಿನ ಹತ್ತಿರದ ಚರ್ಚಿನ ಅಂಗಳದಲ್ಲಿ ಬೂದುನೀಲಿ ಗರಿಗಳ ಒಂದು ಪಿಂಡೋ ಪಾಮ್ ಇತ್ತು. ಬೇಸಿಗೆಯಲ್ಲಿ ಅದರ ಬುಡದ ತುಂಬ ಕಿತ್ತಳೆ ಬಣ್ಣದ ಪುಟ್ಟ ಹಣ್ಣು. ಅಲ್ಲಿಯವರು ‘ಬೇಕಾದಷ್ಟು ತಗೋ’ ಎಂದಾಗ ಅನಘಾ ಊಟದ ಡಬ್ಬಿಯ ತುಂಬ ಆರಿಸಿ ಮನೆಗೆ ತಂದಳು. ಅನಾನಸಿನ ಹುಳಿ, ಮಾವಿನ ವಾಸನೆ, ಬಾಯಿಗೆ ನಾರು. ಕೋಕಿಲಾ ಬೀಜಗಳನ್ನು ತೊಳೆದು, ಒದ್ದೆ ಮಣ್ಣಿನ ಡಬ್ಬಿಯಲ್ಲಿ ಹೂತು, ಬಿಸಿನೀರಿನ ಟ್ಯಾಂಕಿನ ಮೇಲೆ ಬೆಚ್ಚಗಿಟ್ಟಳು. ತಿಂಗಳುಗಳು ಕಳೆದವು. ಆಕೆಯೇ ಆಸೆ ಬಿಟ್ಟಳು. ಬಿಡದಿದ್ದವನು ಇರಣ್ಣ. ಆ ದಿನಗಳಲ್ಲಿ ಅವನ ಕಂಪನಿಯಲ್ಲಿ ಜನರನ್ನು ತೆಗೆದುಹಾಕುತ್ತಿದ್ದರು. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ದುಗುಡದಲ್ಲಿ ಅವನು ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದ. ಒಂದು ಬೆಳಿಗ್ಗೆ ಷೂ ಹಾಕಿಕೊಂಡೇ ಅಡುಗೆಮನೆಗೆ ಓಡಿಬಂದ. “ಕೋಕಿಲಾ, ಬಂತು! ಒಂದು ಬಂತು!”

ಅದೊಂದೇ ಬಂದದ್ದು. ಡಲ್ಲಾಸಿನ ಚಳಿಯಲ್ಲಿ ಪಿಂಡೋ ಉಳಿಯುವ ಭರವಸೆ ಇಲ್ಲವೆಂದು ಕೋಕಿಲಾ ಅದನ್ನು ನೆಲಕ್ಕಿಳಿಸಲಿಲ್ಲ. ಕುಂಡದಿಂದ ದೊಡ್ಡ ಕುಂಡಕ್ಕೆ, ಅದರಿಂದ ಇನ್ನೂ ದೊಡ್ಡ ತೊಟ್ಟಿಗೆ ಬದಲಾಯಿಸುತ್ತ ಬಂದಳು. ಪ್ರತಿ ಡಿಸೆಂಬರಿಗೆ ಅದನ್ನು ಗ್ಯಾರೇಜಿಗೆ ಎಳೆಯುವ, ಮಾರ್ಚಿಗೆ ಹೊರಗೆ ತಳ್ಳುವ ಕೆಲಸ ಇರಣ್ಣನದು. ಗರಿಯ ದಂಟಿನ ಮುಳ್ಳು ಪ್ರತಿ ಸಲವೂ ಅವನ ಮುಂಗೈ ಗೀರುತ್ತಿತ್ತು. ಬೈಯುತ್ತಲೇ ಎಳೆಯುತ್ತಿದ್ದ.

ಸುಹಾಸ್ ಅವರ ಮನೆಗೆ ಬಂದದ್ದು ಹತ್ತಿರದ ರಿಚರ್ಡ್‌ಸನ್‌ ಊರಿನಲ್ಲಿ ಎಂಎಸ್ ಓದುತ್ತಿದ್ದ ಕಾಲದಲ್ಲಿ. ಮೈಸೂರಿನ ಹುಡುಗ. ಯಾರೋ ಗೆಳೆಯನ ಜೊತೆ ಒಂದು ದೀಪಾವಳಿಗೆ ಬಂದವನು ಜೋಳದ ರೊಟ್ಟಿ ಎಣ್ಣೆಗಾಯಿ ತಿಂದು, ಆಮೇಲೆ ವಾರ ಬಿಟ್ಟು ವಾರ ಬರತೊಡಗಿದ. ತಿಂದ ಋಣಕ್ಕೆಂದು ಕೋಕಿಲಾಳ ಕುಂಡಗಳಿಗೆ ಮಣ್ಣು ತುಂಬಿ ಕೊಡುತ್ತಿದ್ದ. ಕೆಲಸ ಸಿಕ್ಕಿ ಹ್ಯೂಸ್ಟನ್‌ಗೆ ಶಿಫ್ಟ್ ಆದ, ನಿಶಿತಾಳನ್ನು ಮದುವೆಯಾದ, ಅಲ್ಲೇ ಪಕ್ಕದ ಪೇರ್‌ಲ್ಯಾಂಡಿನಲ್ಲಿ ಮನೆ ಕೊಂಡ. ಗೃಹಪ್ರವೇಶಕ್ಕೆ ಮೈಸೂರಿನಿಂದ ಅವನ ತಾಯಿ ವಸಂತಾ ಬಂದಿದ್ದರು. ಬ್ಯಾಂಕಿನಿಂದ ರಿಟೈರ್ ಆದವರು, ಗಟ್ಟಿ ದನಿ, ಮಾತಿಗೊಂದು ನಗು. ಬಂದ ವಾರದಲ್ಲೇ ಬೀದಿಯ ಅರ್ಧ ಜನರ ಪರಿಚಯ ಮಾಡಿಕೊಂಡಿದ್ದರು.

ಕೋಕಿಲಾ ಆ ಮನೆಗೂ ಸಬಾಲ್ ಕುಂಡ ತಂದಿದ್ದಳು. ವಸಂತಾ ಅದನ್ನು ಸುತ್ತಿ ಬಂದು ನೋಡಿದರು.

“ಕೋಕಿಲಾ ಅವ್ರೇ, ಬೇಜಾರು ಮಾಡ್ಕೋಬೇಡಿ. ಇದು ಬೀಸಣಿಗೆ ಥರ ಇದೆ. ನಂಗೆ ಗರಿ ಅಲ್ಲಾಡೋ ಅಂಥದ್ದು ಬೇಕು, ನಮ್ಮ ತೆಂಗಿನಮರದ ಥರ.”

ಇಬ್ಬರೂ ಗಿಡದ ನರ್ಸರಿಗೆ ಹೋದರು. ವಸಂತಾ ಸೀದಾ ಹೋಗಿ ನಿಂತದ್ದು ಕ್ವೀನ್ ಪಾಮಿನ ಮುಂದೆ. ಕೋಕಿಲಾ ಅಡ್ಡ ಬಂದು ನಿಂತಳು.

“ಅದು ಬ್ಯಾಡ್ರಿ ವಸಂತಾ. ಚಂದ ಐತಿ ಖರೆ, ಚಳಿ ತಡಿಯೂದಿಲ್ಲ. ನಂದೊಂದು ಸತ್ತದ.”

“ಹ್ಯೂಸ್ಟನ್‌ನಲ್ಲಿ ಎಲ್ಲಿ ಬರುತ್ತೆ ಅಂಥಾ ಚಳಿ?”

“ಹತ್ತು ವರ್ಷ ಬರಲಿಕ್ಕಿಲ್ಲ. ಬಂದ ವರ್ಷ ಉಳಿಯೂದಿಲ್ಲ.”

“ಮೈಸೂರಲ್ಲಿ ನಮ್ಮನೆ ತೆಂಗಿನಮರಕ್ಕೆ ಯಾರು ಗ್ಯಾರಂಟಿ ಕೊಟ್ಟಿದ್ರು ಹೇಳಿ? ಹಾಕೋಣ ಬನ್ನಿ,” ಎಂದು ವಸಂತಾ ಆಕೆಯ ಕೈ ಹಿಡಿದು ಎಳೆದರು. ಆ ಕೈಯ ಬಿಸುಪಿಗೆ ಕೋಕಿಲಾ ಸೋತಳು. ಗುಂಡಿ ತೋಡಿದ್ದು ಸುಹಾಸ್, ಮಣ್ಣು ಮುಚ್ಚಿ ತುಳಿದದ್ದು ವಸಂತಾ. ರೇಷ್ಮೆ ಸೀರೆ ಮೇಲೆತ್ತಿ ಕಟ್ಟಿ, ಬರಿಗಾಲಲ್ಲಿ.

ಮೈಸೂರಿಗೆ ಮರಳಿದ ಮೇಲೆ ವಸಂತಾ ಭಾನುವಾರದ ವಿಡಿಯೋ ಕಾಲಿನಲ್ಲಿ ಮೊದಲು ಕೇಳುತ್ತಿದ್ದುದು ಮರವನ್ನು. ಸುಹಾಸ್ ಫೋನನ್ನು ಅದರತ್ತ ತಿರುಗಿಸುತ್ತಿದ್ದ. “ಏನೋ, ದಪ್ಪ ಆಗಿದ್ದೀಯ!” ಎಂದು ಅವರು ಅದರೊಡನೆ ಮಾತಾಡುತ್ತಿದ್ದರು. ಮರುವರ್ಷ ಕೊರೋನಾ ಬಂತು. ಆಗಸ್ಟಿನಲ್ಲಿ ವಸಂತಾ ಆಸ್ಪತ್ರೆಗೆ ಸೇರಿದವರು ಹೊರಗೆ ಬರಲಿಲ್ಲ. ವಿಮಾನಗಳಿರಲಿಲ್ಲ. ಊರಿನಲ್ಲಿದ್ದ ಅವನ ಅಕ್ಕ ಕೊನೆಯ ಕೆಲಸಗಳನ್ನೆಲ್ಲ ಮಾಡಿದಳು, ಸುಹಾಸ್ ಫೋನಿನಲ್ಲಿ ನೋಡಿದ.

ಅದಾದ ಫೆಬ್ರುವರಿಯಲ್ಲಿ ಟೆಕ್ಸಸ್ ಕಂಡರಿಯದ ಚಳಿ ಬಂತು.

ಇರ್ವಿಂಗಿನಲ್ಲಿ ಕರೆಂಟು ಹೋಯಿತು. ನಲ್ಲಿಯ ನೀರು ಹೆಪ್ಪುಗಟ್ಟಿತು. ಹೀಟರ್ ಇಲ್ಲದ ಮನೆಯೊಳಗೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಪಿಂಡೋವನ್ನು ಗ್ಯಾರೇಜಿನಿಂದಲೂ ಒಳಗೆ ತಂದು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ್ದಾಯಿತು. ಒಲೆಗೆ ಹೋಗಬೇಕಾದವರು ಅದರ ಮುಳ್ಳು ತಪ್ಪಿಸಿಕೊಂಡೇ ಹೋಗಬೇಕು. ಹೊರಗಿನ ವಿಂಡ್‌ಮಿಲ್ ಪಾಮಿಗೆ ಏನು ಮಾಡುವುದು? ಪೆಟ್ಟಿಗೆಯ ತಳದಲ್ಲಿ ಇರಣ್ಣನ ತಾಯಿ ಶಾಂತವ್ವ ಹಳೆ ಸೀರೆಗಳಿಂದ ಹೊಲಿದು ಕೊಟ್ಟ ಎರಡು ಕೌದಿಗಳಿದ್ದವು. ಕೋಕಿಲಾ ಒಂದನ್ನು ತೆಗೆದುಕೊಂಡು ಹೊರಟಳು.

“ಎಲ್ಲಿಗೆ?” ಎಂದ ಇರಣ್ಣ ಸೋಫಾದ ಮೂಲೆಯಿಂದ.

“ಸುಳಿಗೆ ಸುತ್ತಿ ಬರ್ತೀನಿ.”

“ನಾವು ಗಡಗಡ ನಡಗಾಕತ್ತೀವಿ. ನಮ್ಮವ್ವ ಹೊಲಿದ ಕೌದಿ ಗಿಡಕ್ಕ?”

“ಇನ್ನೊಂದು ಐತಲ್ಲ. ಇಬ್ಬರೂ ಒಂದರಾಗ ಹೊಚ್ಚಿಕೊಂಡ್ರಾತು.”

ಇರಣ್ಣ ಏನೋ ಗೊಣಗಿದ. ಆಮೇಲೆ ಟೋಪಿ ಹಾಕಿಕೊಂಡು ಹೊರಗೆ ಬಂದು ಏಣಿ ಹಿಡಿದ. ಹಿಮದ ಮಧ್ಯೆ ಇಳಕಲ್ ಸೀರೆಯ ತುಂಡುಗಳ ಕೆಂಪು ಹಸಿರು ಕೌದಿ ತಲೆಗೆ ಸುತ್ತಿಕೊಂಡು ನಿಂತ ಮರವನ್ನು ನೋಡಿ, ನಾಯಿ ಹಿಡಿದು ಹೊರಟಿದ್ದ ಎದುರುಮನೆಯವರು ಫೋಟೋ ತೆಗೆದುಕೊಂಡರು. ಆ ಇಡೀ ಸಂಜೆ ಗಂಡ ಹೆಂಡತಿ ಒಂದೇ ಕೌದಿಯಲ್ಲಿ ಕೂತು, ಗ್ಯಾಸ್ ಒಲೆಯಲ್ಲಿ ಕಾಸಿದ ಚಹಾ ಕುಡಿಯುತ್ತ, ಯಾವ ತುಂಡು ಅವ್ವನ ಯಾವ ಸೀರೆಯದೆಂದು ನೆನಪು ಮಾಡಿಕೊಂಡರು.

ಹಿಮ ಕರಗಿದ ಮೇಲೆ ಇಡೀ ಟೆಕ್ಸಸ್ ಕಂದುಬಣ್ಣಕ್ಕೆ ತಿರುಗಿತ್ತು. ಕೋಕಿಲಾಳ ಫೋನಿಗೆ ಬಿಡುವಿಲ್ಲದಾಯಿತು. ಆಕೆ ಕೊಟ್ಟ ಗಿಡಗಳೆಲ್ಲ ಒಣಹುಲ್ಲಾಗಿದ್ದವು. ಕಡಿಯಲೇ, ಕೀಳಲೇ ಎಂದು ಜನ ಕೇಳುತ್ತಿದ್ದರು.

“ಕಡೀಬ್ಯಾಡ್ರಿ. ನಡುವಿನ ಸುಳಿ ಹಿಡಿದು ಮೆಲ್ಲಗ ಎಳೀರಿ. ಬಂತೇನು ಕೈಗೆ? ಬಂದ್ರೂ ಹೆದರಬ್ಯಾಡ್ರಿ. ಆ ತೂತಿನಾಗ ಹೈಡ್ರೋಜನ್ ಪೆರಾಕ್ಸೈಡ್ ಹಾಕ್ರಿ, ನೊರಿ ಬರತದ. ಒಳಗಿನ ಕೊಳತ ಹೋಗಬೇಕು. ಆಮ್ಯಾಲ ಬ್ಯಾಸಗಿ ತನಕ ಸುಮ್ಮನ ಕಾಯ್ರಿ.”

ಆಕೆಯ ವಿಂಡ್‌ಮಿಲ್ ಪಾಮಿನ ಸುಳಿಯೂ ಕೌದಿಯನ್ನು ಲೆಕ್ಕಿಸದೆ ಕೈಗೆ ಬಂದಿತ್ತು, ಬುಡದಲ್ಲಿ ಕೊಳೆತ ಈರುಳ್ಳಿಯ ವಾಸನೆ. ಆಕೆ ಔಷಧಿ ಹಾಕಿ ಕಾದಳು. ಮೇ ತಿಂಗಳಲ್ಲಿ ಆ ತೂತಿನಿಂದ ಅರ್ಧ ತುಂಡಾದ, ಸುಕ್ಕುಗಟ್ಟಿದ, ಆದರೂ ಹಸಿರಾದ ಒಂದು ಗರಿ ತಲೆ ಎತ್ತಿತು. ಪ್ಲೇನೋದಿಂದ, ಆಸ್ಟಿನ್‌ನಿಂದ ಫೋಟೋಗಳು ಬರತೊಡಗಿದವು. ಸಬಾಲ್‌ಗಳಂತೂ ಏನೂ ಆಗದವರಂತೆ ಎದ್ದವು.

ಸುಹಾಸ್ ಮಾತ್ರ ಫೋನ್ ಮಾಡಿರಲಿಲ್ಲ. ಮಾಡಿದ್ದು ನಿಶಿತಾ, ಅವನು ಮನೆಯಲ್ಲಿಲ್ಲದ ಹೊತ್ತಿನಲ್ಲಿ.

“ಆಂಟಿ, ನೀವು ಎಲ್ಲರಿಗೂ ಹೇಳಿದ್ದೀರಲ್ಲ ಕಾಯಿರಿ ಅಂತ, ಇವರು ಕಾಯ್ತಾನೇ ಇದಾರೆ. ದಿನಾ ನೀರು ಹಾಕ್ತಾರೆ. ಬೊಡ್ಡೆಯಿಂದ ಏನೋ ಸೋರ್ತಿದೆ. ಬೇಲಿ ಕಡೆ ವಾಲಿದೆ. ಇನ್ನು ಬಿರುಗಾಳಿ ಸೀಸನ್ ಬೇರೆ. ನಾನು ಹೇಳಿದ್ರೆ ಕೇಳಲ್ಲ. ಅದನ್ನ ಅಮ್ಮ ನೆಟ್ಟಿದ್ದು ಅಂತಾರೆ.”

ಆ ಶನಿವಾರವೇ ಕೋಕಿಲಾ ಇರಣ್ಣನನ್ನು ಹೊರಡಿಸಿದಳು. ಪೇರ್‌ಲ್ಯಾಂಡಿನ ಆ ಬೀದಿಗೆ ತಿರುಗುತ್ತಿದ್ದಂತೆ, ಕಾರಿನಿಂದಿಳಿಯುವ ಮುಂಚೆಯೇ ಆಕೆಗೆ ತಿಳಿಯಿತು. ಆದರೂ ಹತ್ತಿರ ಹೋಗಿ ಬೊಡ್ಡೆಯ ಮೇಲೆ ಅಂಗೈಯಿಂದ ತಟ್ಟಿದಳು. ಖಾಲಿ ಡಬ್ಬಿಯ ಸದ್ದು. ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯಿತು, ಹುಳಿ ವಾಸನೆ ಬಂತು. ಇರಣ್ಣ ಏಣಿ ಹತ್ತಿ ಮೇಲಿನ ಸುಳಿಯನ್ನು ನೋಡಿ, ಇಳಿದು ಕೈ ಒರೆಸಿಕೊಂಡ.

ಸುಹಾಸ್ ಪೈಪ್ ಹಿಡಿದು ನಿಂತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ.

“ಸುಹಾಸ್, ಇದು ಹೋಗ್ಯದಪ್ಪ,” ಎಂದಳು ಕೋಕಿಲಾ.

“ಇನ್ನೊಂದು ತಿಂಗಳು ನೋಡೋಣ ಆಂಟಿ.”

“ತಿಂಗಳಲ್ಲ, ವರ್ಷ ನೋಡಿದ್ರೂ ಬರೂದಿಲ್ಲ. ಒಳಗ ಏನೂ ಉಳದಿಲ್ಲ.”

“ಎಲ್ಲರಿಗೂ ಕಾಯಿರಿ ಅಂದಿದ್ದು ನೀವೇ ತಾನೆ? ನಂದಕ್ಕೆ ಮಾತ್ರ ಯಾಕೆ ಕಡಿ ಅಂತೀರಿ?” ಅವನ ದನಿ ಏರಿತು. ಇಷ್ಟು ವರ್ಷದಲ್ಲಿ ಅವನು ಆಕೆಯ ಮೇಲೆ ದನಿ ಏರಿಸಿರಲಿಲ್ಲ.

ಸುಳ್ಳು ಹೇಳುವುದು ಆ ಗಳಿಗೆಗೆ ಸುಲಭವಿತ್ತು. ಕೌಂಟರಿನ ಹಿಂದೆ ನಿಂತು ಎಷ್ಟೋ ಜನರ ಮುಖ ನೋಡಿದ್ದ ಕೋಕಿಲಾಳಿಗೆ, ಆಸೆಯ ಡೋಸ್ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿತ್ತು. “ಜೀವ ಇದ್ದದ್ದಕ್ಕ ಕಾಯಿ ಅಂದೆ. ಇದಕ್ಕ ಇಲ್ಲ. ಬೀಳೂ ಮುಂಚೆ ನಾವೇ ಇಳಸೂಣು,” ಎಂದಳು. ಸುಹಾಸ್ ಪೈಪನ್ನು ಹುಲ್ಲಿನ ಮೇಲೆ ಬಿಟ್ಟು ಒಳಗೆ ಹೋದ.

ನೀರು ಹರಿಯುತ್ತಲೇ ಇತ್ತು. ನಿಶಿತಾ ನಲ್ಲಿ ನಿಲ್ಲಿಸಿದಳು. ಇರಣ್ಣ ಷೂ ಬಿಚ್ಚಿ ಅವನ ಹಿಂದೆ ಒಳಗೆ ಹೋದ. ಅಂಗಳದಲ್ಲಿ ನಿಂತ ಕೋಕಿಲಾಳಿಗೆ ಕಿಟಕಿಯ ಗಾಜಿನೊಳಗೆ ಇಬ್ಬರೂ ಊಟದ ಮೇಜಿಗೆ ಕೂತದ್ದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಇರಣ್ಣ ಬಾಳೆಹಣ್ಣು ಸುಲಿದು ಒಂದು ಅವನ ಮುಂದೆ ಇಟ್ಟ, ಒಂದು ತಾನು ತಿಂದ. ಕೊನೆಗೆ ಸುಹಾಸ್ ಎದ್ದು ಗ್ಯಾರೇಜಿನಿಂದ ಗರಗಸ ತಂದ.

ಇರಣ್ಣ ಹಗ್ಗ ಹಿಡಿದ. ಸುಹಾಸ್ ಕೊಯ್ದ. ಒಳಗೆ ಗಟ್ಟಿ ಇರಲಿಲ್ಲವಾಗಿ ಮರ ಸದ್ದಿಲ್ಲದೆ ಇಳಿಯಿತು. ಅದನ್ನು ತುಂಡು ಮಾಡುತ್ತ ಮಾಡುತ್ತ ಸುಹಾಸ್ ತಾಯಿಯ ಮಾತು ತೆಗೆದ. ಬ್ಯಾಂಕಿನಲ್ಲಿ ಸುಳ್ಳು ಸಹಿ ಹಿಡಿದದ್ದು, ಸ್ಕೂಟರಿನಿಂದ ಬಿದ್ದು ಪೊಲೀಸಿನವನಿಗೇ ಬೈದದ್ದು, ಇವನ ಹತ್ತನೇ ತರಗತಿಯ ಗಣಿತದ ಮೇಷ್ಟ್ರ ಮನೆಗೆ ಜಗಳಕ್ಕೆ ಹೋಗಿ ಹೋಳಿಗೆ ತಿಂದು ಬಂದದ್ದು. ನಿಶಿತಾ ಗರಿಗಳನ್ನು ಚೀಲಕ್ಕೆ ತುಂಬುತ್ತ ಅವನನ್ನೇ ನೋಡುತ್ತಿದ್ದಳು. ಆಗಸ್ಟಿನಿಂದ ಈಚೆಗೆ ಅವನು ಇಷ್ಟು ಮಾತಾಡಿದ್ದು ಅದೇ ಮೊದಲು ಎಂದು ಸಂಜೆ ಅಡುಗೆಮನೆಯಲ್ಲಿ ಕೋಕಿಲಾಳಿಗೆ ಹೇಳಿದಳು.

ಮರಳುವ ದಾರಿಯಲ್ಲಿ, ಹಂಟ್ಸ್‌ವಿಲ್ ಎಂಬ ಊರು ದಾಟಿದ ಮೇಲೆ ಕೋಕಿಲಾ ಕೇಳಿದಳು.

“ಏನ್ರೀ, ಪಿಂಡೋ ಕೊಡೂಣೇನು ಅವರಿಗೆ?”

ಇರಣ್ಣನ ಕಾಲು ಆಕ್ಸಿಲರೇಟರಿನಿಂದ ಎದ್ದೇಬಿಟ್ಟಿತು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ. “ಪಿಂಡೋನ? ಬ್ಯಾರೆ ಏನಾರ ಕೊಡು. ಅಂಗಡ್ಯಾಗ ಪಿಂಡೋ ಸಿಗೂದಿಲ್ಲೇನು?”

“ಅದಕ್ಕ ಗರಿ ಐತಿ, ಅಲ್ಲಾಡತದ. ಹ್ಯೂಸ್ಟನ್ ಚಳಿ ಅದಕ್ಕ ಏನೂ ಅಲ್ಲ. ನಮ್ಮಲ್ಲಿ ಜನ್ಮೆಲ್ಲಾ ಕುಂಡ್ಯಾಗ ಇರಬೇಕು.”

“ಅದನ್ನ ಎಳದಾವ ನಾನು,” ಎಂದ ಇರಣ್ಣ. ಕೊರ್ಸಿಕಾನಾ ಊರಿನಲ್ಲಿ ಪೆಟ್ರೋಲ್ ಹಾಕಿಸಲು ನಿಂತಾಗ, ಪಂಪಿನ ಅಂಕಿಗಳನ್ನು ನೋಡುತ್ತ, “ಜೂನ್‌ನ್ಯಾಗ ನೆಲ ಬೆಚ್ಚಗಿರತದಲ್ಲ, ಆವಾಗ ಬೇರು ಹಿಡೀತದ,” ಎಂದ. ಕೋಕಿಲಾ ಅವನ ತೋಳು ಹಿಡಿದುಕೊಂಡಳು.

ಜೂನಿನಲ್ಲಿ ಬಾಡಿಗೆಯ ಪಿಕಪ್ ತಂದರು. ಗರಿಗಳನ್ನು ಬೆಡ್‌ಶೀಟಿನಲ್ಲಿ ಬಿಗಿದು, ತೊಟ್ಟಿಯನ್ನು ಅಡ್ಡ ಮಲಗಿಸಿ ಕಟ್ಟಿದರು. ಅನಘಾಳನ್ನೂ ಕರೆದೊಯ್ಯೋಣವೆಂದು ಆಸ್ಟಿನ್ ಮೇಲೆ ಹೋದರು. ಅವಳು ಈಗ ಅಲ್ಲೇ ಕೆಲಸದಲ್ಲಿದ್ದಳು. ‘ತಾಯಿಮರವನ್ನೂ ಒಮ್ಮೆ ನೋಡಿಕೊಂಡು ಹೋಗೋಣ’ ಎಂದು ಕೋಕಿಲಾ ಆ ಚರ್ಚಿನ ಕಡೆಗೆ ಗಾಡಿ ತಿರುಗಿಸಲು ಹೇಳಿದಳು.

ಅಂಗಳದಲ್ಲಿ ಮರವಿರಲಿಲ್ಲ. ನೆಲಮಟ್ಟಕ್ಕೆ ಕೊಯ್ದ ಬುಡದ ಸುತ್ತ ಹೊಸ ಹುಲ್ಲಿನ ಹಾಸು. ಚಳಿಗೆ ಸತ್ತಿತೆಂದು ಏಪ್ರಿಲ್‌ನಲ್ಲೇ ಕಡಿಸಿದರಂತೆ. ಸತ್ತಿತ್ತೋ, ಕಾದಿದ್ದರೆ ಚಿಗುರುತ್ತಿತ್ತೋ ಹೇಳುವವರಿರಲಿಲ್ಲ. ಕೋಕಿಲಾ ಬಗ್ಗಿ ಆ ಬುಡದ ಮೇಲೆ ಕೈಯಿಟ್ಟಳು.

“ಮಮ್ಮಿ, ಹಂಗಾದ್ರೆ ನಮ್ದೊಂದೇ ಲೆಫ್ಟ್,” ಎಂದಳು ಅನಘಾ. “ಪ್ಲೀಸ್, ಅದನ್ನ ಗಿವ್ ಅವೇ ಮಾಡಬೇಡ. ಸುಹಾಸ್‌ಗೆ ಹೇಳಿದ್ರೆ ಅರ್ಥ ಆಗತ್ತೆ. ವಾಪಸ್ ಮನೆಗೆ ಹೋಗೋಣ.”

ಕೋಕಿಲಾಳಿಗೂ ಹಾಗೆಯೇ ಅನ್ನಿಸಿತು. ಮಗಳು ಡಬ್ಬಿಯಲ್ಲಿ ಹಣ್ಣು ತಂದ ಬೇಸಿಗೆ, ಗಂಡ ಷೂ ಹಾಕಿಕೊಂಡು ಓಡಿಬಂದ ಬೆಳಿಗ್ಗೆ, ಎಲ್ಲವೂ ಒಟ್ಟಿಗೆ ಎದುರು ನಿಂತವು. ಆಕೆ ಪಿಕಪ್ಪಿನ ಹಿಂದೆ ಹೋಗಿ ಬೆಡ್‌ಶೀಟಿನ ಸಂದಿನಿಂದ ಹೊರಬಂದಿದ್ದ ಒಂದು ನೀಲಿ ತುದಿಯನ್ನು ಸವರುತ್ತ ನಿಂತಳು. ಬಿಸಿಲು ಸುಡುತ್ತಿತ್ತು.

“ಗಾಡಿ ಹತ್ತು,” ಎಂದ ಇರಣ್ಣ ಸ್ಟಿಯರಿಂಗಿನಿಂದ. “ಬಿಸಲಾಗ ಬೇರು ಒಣಗತಾವ. ಅವರು ಗುಂಡಿ ತೋಡಿ ಕುಂತಾರ.”

“ಹಿಂಗ ಒಂದೇ ಉಳದೈತಿ ಅಂತ ಗೊತ್ತಿದ್ರ ನೀವು ಒಪ್ಪತಿದ್ದಿಲ್ಲ.”

“ಒಪ್ಪತಿದ್ದಿಲ್ಲ. ಆದ್ರ ಈಗ ಕೊಡ್ತೀವಿ ಅಂದೀವಿ. ಒಂದೇ ಐತಿ ಅಂತನ ನೆಲಕ್ಕ ಇಳಸಬೇಕು ಕೋಕಿಲಾ. ನಾಳಿ ನನ್ನ ಸೊಂಟ ಹಿಡದ್ರ ಅದನ್ನ ಗ್ಯಾರೇಜಿಗೆ ಎಳಿಯಾವ್ರು ಯಾರು?”

ಅನಘಾ ನಕ್ಕಳು, ಕಣ್ಣೊರೆಸಿಕೊಂಡಳು, ಹಿಂದಿನ ಸೀಟಿಗೆ ಹತ್ತಿದಳು.

ಪೇರ್‌ಲ್ಯಾಂಡಿನಲ್ಲಿ ನಿಶಿತಾ ಹಳೆಯ ಮರವಿದ್ದ ಜಾಗದಲ್ಲೇ ಗುಂಡಿ ಆಗಲಿ ಎಂದಿದ್ದಳು. ಕೊಳೆತ ಬೇರಿರುವಲ್ಲಿ ಹೊಸದನ್ನು ಇಡಬಾರದೆಂದು ಕೋಕಿಲಾ ಬಿಸಿಲು ಚೆನ್ನಾಗಿ ಬೀಳುವ ಇನ್ನೊಂದು ಬದಿಗೆ ಹೊಸ ಗುಂಡಿ ತೋಡಿಸಿದಳು. ತೊಟ್ಟಿಯಿಂದ ಬಿಡಿಸುವಾಗ ಇರಣ್ಣನ ಮುಂಗೈಗೆ ಉದ್ದಕ್ಕೆ ಒಂದು ಗೀರು ಬಿತ್ತು. “ಹೋಗೂ ಮುಂದೂ ಬಿಡಲಿಲ್ಲ ನೋಡು,” ಎಂದು ಅವನು ಅದನ್ನು ಬೈದ. ಮಣ್ಣು ಮುಚ್ಚಿದ ಮೇಲೆ ಸುಹಾಸ್ ಚಪ್ಪಲಿ ಬಿಚ್ಚಿ, ಪ್ಯಾಂಟ್ ಮಡಚಿ, ಸುತ್ತಲೂ ಮೆಲ್ಲಗೆ ತುಳಿದು ಗಟ್ಟಿ ಮಾಡಿದ. ಇರಣ್ಣ ಪಕ್ಕದಲ್ಲಿ ನಿಂತು, ಜೀವಮಾನವಿಡೀ ಇದನ್ನೇ ಮಾಡಿದವನಂತೆ, ನೀರು ಬುಡಕ್ಕೆ ಹಾಕಬೇಕು, ತಲೆಯ ಮೇಲೆ ಹಾಕಬಾರದು, ಹಸಿರು ಗರಿ ಕತ್ತರಿಸಬಾರದು ಎಂದು ಉಪದೇಶ ಕೊಡುತ್ತಿದ್ದ. ಕೋಕಿಲಾ ನೀರಿನ ಪೈಪ್ ತಂದು ಅವನ ಕೈಗೇ ಕೊಟ್ಟಳು.

ಮುಂದಿನ ಚಳಿಗಾಲಗಳಲ್ಲಿ ಇರ್ವಿಂಗಿನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಾಯಿತು. ತಾಪಮಾನ ಇಳಿದ ದಿನ ಇರಣ್ಣ ತಾನೇ ಪೇರ್‌ಲ್ಯಾಂಡಿಗೆ ಫೋನ್ ಮಾಡಿ, ಮೊದಲು ಹವಾಮಾನ, ಆಮೇಲೆ ಮರ, ಕೊನೆಗೆ ಮನುಷ್ಯರನ್ನು ವಿಚಾರಿಸಿಕೊಳ್ಳುತ್ತಿದ್ದ. ನೆಲಕ್ಕಿಳಿದ ಪಿಂಡೋ ಎರಡೇ ವರ್ಷಕ್ಕೆ ಸುಹಾಸನ ಹೆಗಲಿನಿಂದ ತಲೆಯ ಮೇಲಕ್ಕೆ ಹೋಯಿತು. ಆಮೇಲೊಂದು ವಸಂತದಲ್ಲಿ ಹೂಗೊನೆ ಬಿಟ್ಟಿತು, ಜೇನುನೊಣ ಮುತ್ತಿದವು.

ಕಳೆದ ಜುಲೈನಲ್ಲಿ ಸುಹಾಸ್ ಮತ್ತು ನಿಶಿತಾ ಇರ್ವಿಂಗಿನ ದೇವಸ್ಥಾನಕ್ಕೆ ಬಂದವರು ಮಧ್ಯಾಹ್ನ ಊಟಕ್ಕೆ ಬಂದರು. ನಿಶಿತಾ ಚೀಲದಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಕೆಂಗಂದು ಬಣ್ಣದ ಗೊಜ್ಜು.

“ಪಿಂಡೋ ಗೊಜ್ಜು ಆಂಟಿ. ನಮ್ಮತ್ತೆ ಅನಾನಸಿಗೆ ಮಾಡ್ತಿದ್ರಲ್ಲ, ಅದೇ ಪುಡಿ ಹಾಕಿದೀನಿ. ಹುಣಸೇಹಣ್ಣೇ ಬೇಕಾಗ್ಲಿಲ್ಲ, ಅಷ್ಟು ಹುಳಿ.”

ಕೋಕಿಲಾ ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡಳು. ಹುಳಿ, ಬೆಲ್ಲ, ಎಳ್ಳು, ಅದರ ಹಿಂದೆ ಆ ಹಣ್ಣಿನ ಘಮ. ಆಮೇಲೆ ಕೇಳಿದ್ದು ಒಂದೇ: “ಬೀಜ ಎಲ್ಲಿ?”

ನಿಶಿತಾ ಸುಹಾಸನ ಮುಖ ನೋಡಿದಳು. “ಬೀಜ... ಕಸಕ್ಕೆ ಹಾಕ್ಬಿಟ್ಟೆ ಆಂಟಿ.”

“ಅಯ್ಯೋ ನಮ್ಮವ್ವಾ! ಎಲ್ಲಾ?”

“ಗೊಜ್ಜಿಗೆ ಹಾಕಿದ್ದರ ಎಲ್ಲಾ. ಆದ್ರೆ ಒಂದಷ್ಟು ಹಣ್ಣು ಹಾಗೇ ತಂದಿದೀವಿ, ಅಂಕಲ್‌ಗೆ ಅಂತ,” ಎಂದು ಸುಹಾಸ್ ಕಾರಿಗೆ ಓಡಿ ಒಂದು ಡಬ್ಬಿ ತಂದ. ಮುಚ್ಚಳ ತೆಗೆದರೆ ಕಿತ್ತಳೆ ಬಣ್ಣ, ಮನೆಯ ತುಂಬ ಮಾವಿನ ವಾಸನೆ.

ಕೋಕಿಲಾ ಡಬ್ಬಿಯನ್ನು ಎತ್ತಿ ಗಂಡನ ಮುಂದೆ ಇಟ್ಟಳು. “ತಿನ್ರಿ.”

“ಊಟ ಆಗಿಲ್ಲಲ್ಲ ಇನ್ನೂ.”

“ಮೊದಲು ಇದನ್ನ ತಿನ್ರಿ. ಬೀಜ ಕಡೀಬ್ಯಾಡ್ರಿ.”

ಇರಣ್ಣ ಒಂದನ್ನು ಬಾಯಿಗೆ ಹಾಕಿಕೊಂಡ. ಹುಳಿಗೆ ಒಂದು ಕಣ್ಣು ಮುಚ್ಚಿತು, ಮುಖವೆಲ್ಲ ಸೊಟ್ಟಗಾಯಿತು. ಅನ್ನ ಬಡಿಸುವುದನ್ನು ಬಿಟ್ಟು ಅಂಗೈ ಚಾಚಿ ನಿಂತಿದ್ದ ಹೆಂಡತಿಯ ಕೈಗೆ ಬೀಜವನ್ನು ಮೆಲ್ಲಗೆ ಉಗುಳಿದ. ಆಮೇಲೆ, ಯಾರೂ ಹೇಳದೆಯೇ, ಇನ್ನೊಂದು ಹಣ್ಣಿಗೆ ಕೈ ಹಾಕಿದ.